ಚಿಲಕದ ಎತ್ತರ

ನಮ್ಮ ಬೀದಿಯ ಚೌಡಪ್ಪನವರ ಮನೆಯವರೆಲ್ಲ ಹದಿನೆಂಟು ವರ್ಷದಿಂದ ಬಿರುಬಿಸಿಲಲ್ಲೂ ಛತ್ರಿ ಹಿಡಿದೇ ಓಡಾಡುತ್ತಾರೆ. ಹೊಸಬರು ನೋಡಿದರೆ ನಗುತ್ತಾರೆ. ನಗಲಿ ಬಿಡಿ. ಚೌಡಪ್ಪನವರ ತಂದೆ ತೀರಿಕೊಂಡ ಹನ್ನೊಂದನೆಯ ದಿನದಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಹಜಾರದಲ್ಲಿ ಆ ಮುದುಕರ ಧ್ವನಿ "ಇವತ್ತು ಮಳೆ ಬಂದೇ ಬರ್ತದೆ" ಅನ್ನುತ್ತದೆ. ತಂದೆ ಹಾಗಂದ ಮೇಲೆ ಮಕ್ಕಳು ಛತ್ರಿಯಿಲ್ಲದೆ ಹೇಗೆ ಹೊರಟಾರು? ಒಗೆದ ಬಟ್ಟೆಯನ್ನು ಸಹ ಅವರು ಒಳಗೇ ಒಣಗಿಸುತ್ತಾರೆ. ವರ್ಷಕ್ಕೆ ಹತ್ತೋ ಹದಿನೈದೋ ದಿನ ನಿಜವಾಗಿ ಮಳೆ ಬಂದಾಗ ಚೌಡಪ್ಪನವರು ಬೀದಿಯುದ್ದಕ್ಕೂ ಒಂದು ಸಲ ಹೋಗಿಬರುತ್ತಾರೆ, ಏನೂ ಕೆಲಸವಿಲ್ಲದಿದ್ದರೂ.

ನಮ್ಮೂರಲ್ಲಿ ಸತ್ತವರು ಪೂರ್ತಿ ಹೋಗುವುದಿಲ್ಲ. ಒಂದು ಮಾತು ಮನೆಯಲ್ಲಿ ಉಳಿಯುತ್ತದೆ. ಕೊನೆಗಾಲದಲ್ಲಿ ಯಾವ ಮಾತು ನಾಲಿಗೆಗೆ ಅಂಟಿಕೊಂಡಿತ್ತೋ ಅದೇ ಮಾತು, ಅದೇ ಹೊತ್ತಿಗೆ, ದಿನಕ್ಕೊಂದು ಸಲ. ಆ ಮನೆಯ ರಕ್ತ ಹಂಚಿಕೊಂಡವರು ಯಾರಾದರೂ ಬಾಯಿಬಿಟ್ಟು "ಅದು ನಿಜವಲ್ಲ" ಅಂದರೆ ಮುಗಿಯಿತು, ಧ್ವನಿ ನಿಂತುಹೋಗುತ್ತದೆ. ಎಲ್ಲಿ ನಿಂತು ಅಂದರೂ ಅಷ್ಟೇ. ಮನಸ್ಸಿನೊಳಗೆ ಅಂದುಕೊಂಡರೆ ಏನೂ ಆಗುವುದಿಲ್ಲ; ಅರ್ಧ ಊರು ಹಾಗೆ ಅಂದುಕೊಂಡೇ ಬದುಕುತ್ತಿದೆ. ಮೇಲಿನ ಕೇರಿಯಲ್ಲಿ ಒಬ್ಬ ಸೊಸೆ ಇದ್ದಾಳೆ. ಅವಳ ಗಂಡನ ಅಜ್ಜಿಯ ಧ್ವನಿ ಹನ್ನೊಂದು ಗಂಟೆಗೆ ಸರಿಯಾಗಿ "ಸಾರಿಗೆ ಉಪ್ಪಿಲ್ಲ" ಅನ್ನುತ್ತದೆ. ಆ ಜಾಣೆ ಹನ್ನೊಂದರವರೆಗೂ ಉಪ್ಪು ಹಾಕುವುದೇ ಇಲ್ಲ. ಅಜ್ಜಿ ಅಂದು ಮುಗಿಸಿದ ಮೇಲೆ ಹಾಕಿ ಒಂದು ಕುದಿ ಕುದಿಸುತ್ತಾಳೆ. ಅಜ್ಜಿಯ ಮಾತೂ ಉಳಿಯಿತು, ಸಾರೂ ಉಳಿಯಿತು.

ಇನ್ನೊಬ್ಬರ ಮನೆಯಲ್ಲಿ ಮಕ್ಕಳೆಲ್ಲ ಸೇರಿ ಹಾಸಿಗೆ ಹಿಡಿದ ತಂದೆಯ ಬಾಯಲ್ಲಿ "ಎಲ್ರೂ ಚೆನ್ನಾಗಿರಿ" ಅಂತ ಆರು ತಿಂಗಳು ಅನ್ನಿಸಿದರು. ಬೆಳಿಗ್ಗೆ ಒಬ್ಬ, ಸಂಜೆ ಒಬ್ಬ, ಪಾಳಿ ಹಾಕಿಕೊಂಡು. ಹನ್ನೊಂದನೆಯ ದಿನ ನೆಂಟರಿಷ್ಟರ ಮುಂದೆ ಧ್ವನಿ ಬಂತು: "ಎಷ್ಟು ಸಲ ಅನ್ನಿಸ್ತೀರೋ, ಸಾಕು ಬಿಡ್ರೋ." ಇವತ್ತಿಗೂ ಅದನ್ನೇ ಅನ್ನುತ್ತಿದೆ ಪಾಪ.

ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಒಂದು ಹಗಲು ಪೂರ್ತಿ ಕೂತು ಮನೆಯ ಧ್ವನಿಗಳನ್ನು ಕೇಳಿಸಿಕೊಂಡೇ ಹೋಗುವುದು. ಧ್ವನಿ ನಿಂತುಹೋದ ಮನೆಗೆ ಮೂಕಮನೆ ಅನ್ನುತ್ತಾರೆ. ಮೂಕಮನೆಗೆ ಹೆಪ್ಪು ಕೇಳಲು ಸಹ ಯಾರೂ ಹೋಗುವುದಿಲ್ಲ. ಹೆತ್ತವರನ್ನು ಸುಳ್ಳು ಮಾಡಿದವರು ಅಂತ. ನಾನೂ ಅಂಥ ಮನೆಯ ಮುಂದೆ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದವಳು. ಸುಳ್ಳೇಕೆ ಹೇಳಲಿ.

ನನ್ನ ಹೆಸರು ವನಜ. ಬೀದಿಯ ಕೊನೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮುಂದೆ ಗಿರಣಿ, ಹಿಂದೆ ಮನೆ. ಬೆಳಿಗ್ಗೆ ರಾಗಿ, ಆಮೇಲೆ ಗೋಧಿ, ಅಕ್ಕಿ. ಮೆಣಸಿನಕಾಯಿ ಶನಿವಾರ ಮಾತ್ರ, ಅದೂ ಎಲ್ಲ ಮುಗಿದ ಮೇಲೆ. ಹಿಟ್ಟನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡದೆ ಯಾರ ಚೀಲಕ್ಕೂ ತುಂಬಿದವಳಲ್ಲ ನಾನು. ಮದುವೆಯಾಗಲಿಲ್ಲ. ಅಮ್ಮನನ್ನು ನೋಡಿಕೊಳ್ಳಬೇಕಿತ್ತು. ಅಮ್ಮ ಹೋಗಿ ಆರು ವರ್ಷವಾಯಿತು. ದಿನವಿಡೀ ಗಿರಣಿಯ ಸದ್ದಿನಲ್ಲಿ ಕಿರುಚಿ ಕಿರುಚಿ ಮಾತಾಡುವ ನನಗೆ ದಿನದಲ್ಲಿ ಒಂದೇ ಒಂದು ಆಸೆ: ದೀಪ ಹಚ್ಚುವ ಹೊತ್ತಿಗೆ ಮೋಟಾರು ನಿಲ್ಲಿಸಿ, ಕೈಕಾಲು ತೊಳೆದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಕೊಳ್ಳುವುದು. ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ಅಮ್ಮ ಅನ್ನುತ್ತಾಳೆ: "ಚಿಲಕ ಹಾಕಲಿಲ್ಲ ಅವಳು."

ಅಷ್ಟೇ. ಮಾತು ಒಳ್ಳೆಯದಲ್ಲ, ನನಗೆ ಗೊತ್ತು. ಆದರೆ ನಾನು ಮಾತನ್ನು ಕೇಳುತ್ತಲೇ ಇರಲಿಲ್ಲ, ಧ್ವನಿಯನ್ನು ಕೇಳುತ್ತಿದ್ದೆ. ಆ ಕೆಮ್ಮಿಗಾಗಿ ಕಾಯುತ್ತಿದ್ದೆ. ಇಡೀ ದಿನದಲ್ಲಿ ಹಿಟ್ಟಿನ ವಿಷಯ ಬಿಟ್ಟು ಬೇರೇನಾದರೂ ಮಾತು ನನ್ನ ಕಿವಿಗೆ ಬೀಳುತ್ತಿದ್ದದ್ದು ಅದೊಂದೇ.

ಅವಳು ಅಂದರೆ ನನ್ನ ಅಕ್ಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಮಗೊಬ್ಬ ತಮ್ಮನಿದ್ದ, ಶ್ರೀಕಂಠ. ಎಲ್ಲರ ಬಾಯಲ್ಲೂ ಕಂಠಿ. ಅವನಿಗೆ ಎರಡೂವರೆ ವರ್ಷ, ನನಗೆ ನಾಲ್ಕು, ಅಕ್ಕನಿಗೆ ಎಂಟು. ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ತೆರೆದಿತ್ತು. ಕಂಠಿ ಹೊರಗೆ ಹೋಗಿ ಮನೆ ಹಿಂದಿನ ಹೊಂಡಕ್ಕೆ ಬಿದ್ದ. ಆವತ್ತೇ ಸಂಜೆ ಅಮ್ಮ ಹಣೆ ಚಚ್ಚಿಕೊಳ್ಳುತ್ತಾ ಅಕ್ಕನ ಕಡೆ ಕೈ ತೋರಿಸಿ, "ಚಿಲಕ ಹಾಕಲಿಲ್ಲ ಅವಳು" ಅಂದಳಂತೆ. ಹದಿನೈದು ದಿನದಲ್ಲಿ ಅಕ್ಕನನ್ನು ಊರಾಚೆ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲೇ ಬೆಳೆದಳು. ಮದುವೆಯಾಗಿ ಇದೇ ಊರಿಗೆ, ಸಂತೆಮಾಳದ ಆಚೆಗೆ ಬಂದಳು. ಮದುವೆಗೆ ನಾವು ಹೋಗಲಿಲ್ಲ. ಅವಳೂ ಈ ಹೊಸ್ತಿಲು ತುಳಿಯಲಿಲ್ಲ. ಐವತ್ತೆರಡು ವರ್ಷ.

ಅವಳ ಮನೆಯ ರಾಗಿ ಮಾತ್ರ ನನ್ನ ಗಿರಣಿಗೇ ಬರುತ್ತಿತ್ತು, ಯಾರದೋ ಕೈಯಲ್ಲಿ. ಬಾಯಿಗೆ ನೀಲಿ ದಾರದ ಹೊಲಿಗೆ ಹಾಕಿದ ಚೀಲ. ಯಾರದೆಂದು ಅವರು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಕಲ್ಲು ಒರೆಸಿ, ಎರಡು ಸಲ ಬೀಸಿ ಕೊಡುತ್ತಿದ್ದೆ. ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಂದರೆ ಅದೇ.

ಹೀಗಿರುವಾಗ ಹೋದ ಮಾಘದಲ್ಲಿ ಒಂದು ಮಧ್ಯಾಹ್ನ ಅಕ್ಕನ ಮಗಳು ಇಂದುಮತಿ ಗಿರಣಿಗೆ ಬಂದಳು. ಜೊತೆಗೆ ಅವಳ ಮಗಳು ಪಾವನಿ, ಎಂಟು ವರ್ಷದ ಚಿಗರೆಮರಿ. ಮೋಟಾರು ನಿಲ್ಲಿಸಿ ಒಳಗೆ ಕರೆದೆ. ಕೂತವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ಹೇಳಿದಳು. ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಹೆಚ್ಚು ದಿನ ಇಲ್ಲ ಅಂದಿದ್ದಾರೆ ಡಾಕ್ಟರು. ಅದಲ್ಲ ಅವಳ ಸಂಕಟ. ಅಕ್ಕ ಮಲಗಿದಲ್ಲೇ, ಎದ್ದು ಕೂತಾಗ, ಗಂಜಿ ಕುಡಿಸುವಾಗ, ಒಂದೇ ಮಾತು ಅನ್ನುತ್ತಿದ್ದಾಳೆ.

"ಅಮ್ಮ 'ಚಿಲಕ ಹಾಕಲಿಲ್ಲ ನಾನು' ಅಂತಾರೆ, ಚಿಕ್ಕಮ್ಮ. ದಿನಕ್ಕೆ ನೂರು ಸಲ. ಅವರು ಹೋದ್ಮೇಲೆ ನಮ್ಮನೇಲಿ ಉಳಿಯೋದೂ ಅದೇ ತಾನೆ? ಅಷ್ಟು ಚೆನ್ನಾಗಿ ನೋಡ್ಕೊಂಡ ಅಮ್ಮನಿಂದ ಅದೊಂದು ಮಾತು ಇಟ್ಕೊಂಡು ನಾನು ಬದುಕ್ಬೇಕಾ? ಈ ಮಗು ಅದನ್ನೇ ಕೇಳ್ಕೊಂಡು ಬೆಳೀಬೇಕಾ?"

ನನ್ನಿಂದ ಅವಳಿಗೆ ಬೇಕಾಗಿದ್ದು ಹೆಚ್ಚೇನಲ್ಲ. ಬಂದು ಅಕ್ಕನ ತಲೆ ಸವರಿ, "ಕ್ಷಮಿಸಿದ್ದೀನಿ" ಅನ್ನಬೇಕು. ಮನಸ್ಸು ಹಗುರಾದರೆ ಬಾಯಿಯಿಂದ ಆ ಮಾತು ಬಿಟ್ಟುಹೋದೀತು ಅಂತ ಅವಳ ಲೆಕ್ಕ.

ನಾವು ಹೀಗೆ ಮಾತಾಡುತ್ತಿರುವಾಗ ಪಾವನಿ ಮನೆಯೆಲ್ಲ ಸುತ್ತಿ ಹಿತ್ತಲ ಬಾಗಿಲ ಹತ್ತಿರ ನಿಂತಿದ್ದಳು. ಆಚೆ ಹೋಗಿ ನೋಡಬೇಕಂತೆ. ಕಾಲ್ಬೆರಳ ಮೇಲೆ ನಿಂತಳು, ಹಾರಿದಳು, ಕೊನೆಗೆ ಕೂಗಿದಳು: "ಚಿಕ್ಕಜ್ಜೀ, ಚಿಲಕ ಎಟಕಲ್ಲ."

ನನಗೆ ಸಿಡುಕು ಬಂತು. ಎದ್ದು ಹೋಗಿ ನಾನೇ ಚಿಲಕ ತೆಗೆದೆ. ತೆಗೆದ ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಯಾಕೆ ನಿಂತಿತು ಅಂತ ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬಾರದು ಅಂತಲೇ ತೀರ್ಮಾನಿಸಿದಂತೆ ತಿರುಗಿ ಬಂದುಬಿಟ್ಟೆ. ಹೊರಡುವಾಗ ಆ ಮಗು ಇನ್ನೊಂದು ಕಿತಾಪತಿ ಮಾಡಿತು. ಅಡುಗೆಮನೆಯ ಮರದ ಕಂಬದ ಮೇಲೆ ನಮ್ಮಪ್ಪ ಪ್ರತಿ ಯುಗಾದಿಗೆ ನಮ್ಮ ಎತ್ತರ ನೋಡಿ ಕತ್ತಿಯಲ್ಲಿ ಗೀರು ಹಾಕುತ್ತಿದ್ದ. ಕಂಠಿ ಹೋದ ಮೇಲೆ ಹಾಕಲಿಲ್ಲ. ಎಲ್ಲಕ್ಕಿಂತ ಮೇಲಿನ ಗೀರು ಯಾರದು ಅಂತ ಪಾವನಿ ಕೇಳಿದಳು. ನಿಮ್ಮಜ್ಜಿಯದು ಅಂದೆ. ಕಂಬಕ್ಕೆ ಬೆನ್ನು ಹಚ್ಚಿ ನಿಂತು, ತಲೆಯ ಮೇಲೆ ಅಂಗೈ ಇಟ್ಟು ನೋಡಿಕೊಂಡು, "ನಾನೇ ಒಂದು ಬೆರಳು ಜಾಸ್ತಿ" ಅಂತ ಕುಣಿದಳು.

ಆವತ್ತು ದೀಪದ ಹೊತ್ತಿಗೆ ಅಮ್ಮ ಬಂದಳು. ಕೆಮ್ಮಿದಳು. "ಚಿಲಕ ಹಾಕಲಿಲ್ಲ ಅವಳು." ಆರು ವರ್ಷದಲ್ಲಿ ಮೊದಲ ಸಲ ನನ್ನ ಕಿವಿಗೆ ಧ್ವನಿಗಿಂತ ಮೊದಲು ಮಾತು ಬಿತ್ತು.

ಮರುದಿನ ಬೆಳಿಗ್ಗೆ ಗಿರಣಿ ತೆಗೆಯುವ ಮೊದಲು ಚೀಲ ಕಟ್ಟುವ ದಾರ ಒಂದು ಮಾರು ತೆಗೆದುಕೊಂಡೆ. ಅಮ್ಮನನ್ನು ಸುಳ್ಳು ಮಾಡಲಿಕ್ಕಲ್ಲ; ಅಮ್ಮನದೇ ಸರಿ ಅಂತ ಖಾತ್ರಿ ಮಾಡಿಕೊಂಡು ನೆಮ್ಮದಿಯಾಗಿ ಹೋಗಿ ಕ್ಷಮಿಸಿ ಬರೋಣ ಅಂತ. ಚಿಲಕ ಆಮೇಲೆ ಮೇಲಕ್ಕೆ ಹೋಗಿರಬಹುದು ಅಂದುಕೊಂಡೆ. ಬಾಗಿಲು, ಚೌಕಟ್ಟು ಎರಡರ ಮೇಲೂ ದೀಪ ಹಿಡಿದು ಹುಡುಕಿದೆ. ಬೇರೆ ಮೊಳೆಯ ತೂತು ಒಂದೂ ಇಲ್ಲ. ಹಾಗಾದರೆ ಮಣೆಯ ಮೇಲೆ ಹತ್ತಿರಬೇಕು. ಅಜ್ಜಿಯ ಕಾಲದ ಮಣೆ ಅಟ್ಟದಲ್ಲಿತ್ತು. ಇಳಿಸಿ ಬಾಗಿಲಿಗೆ ಒರಗಿಸಿಟ್ಟೆ. ಅಕ್ಕನ ಗೀರಿನವರೆಗೆ ದಾರ ಅಳೆದು ಗಂಟು ಹಾಕಿ, ಅದಕ್ಕೆ ಮೇಲೆತ್ತಿದ ಮಗುವಿನ ಕೈಯಷ್ಟು ಸೇರಿಸಿ, ಹಿಂದಿನ ದಿನ ಪಾವನಿಯ ಬೆರಳು ತಾಗಿ ಎಣ್ಣೆಗುರುತು ಬಿದ್ದಿದ್ದ ಜಾಗ ನೋಡಿ ಇನ್ನೊಂದು ಗಂಟು ಹಾಕಿದೆ. ಮಣೆಯ ಮೇಲಿಟ್ಟು ಹಿಡಿದರೂ ಚಿಲಕಕ್ಕೆ ಇನ್ನೂ ಒಂದು ಗೇಣು ಉಳಿಯಿತು; ಚಿಲಕ ಇದ್ದಲ್ಲಿ ಮೂರನೆಯ ಗಂಟು ಹಾಕಿದೆ. ಕೋಲಿನಲ್ಲಿ ಹಾಕಿರಬಹುದೇ? ಕೊಂಡಿಗೆ ಸಿಕ್ಕಿಸುವ ಸರಪಳಿ ಅದು, ಕೋಲಿಗೆ ಬಗ್ಗುವುದಿಲ್ಲ. ಅದನ್ನೂ ಮಾಡಿ ನೋಡಿದೆ. ಒಬ್ಬಳೇ, ಬೆಳಗಿನ ಹೊತ್ತು, ಕೋಲು ಹಿಡಿದುಕೊಂಡು ಬಾಗಿಲಿಗೆ ಚುಚ್ಚುತ್ತಾ ನಿಂತಿದ್ದ ನನ್ನನ್ನು ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು.

ಆಮೇಲೆ ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು, ಯಾವತ್ತೂ ಮರೆತಿರಲಿಲ್ಲ. ಆ ಚಿಲಕ ಹಾಕಿಸಿದ ಕಥೆಯನ್ನು ಅಮ್ಮ ನನಗೆ ಎಷ್ಟೋ ಸಲ ಹೇಳಿದ್ದಳು. ಕಂಠಿ ಅಂಬೆಗಾಲು ಬಿಟ್ಟು ಓಡಲು ಕಲಿತಾಗ, ಹೊಂಡದ ಭಯಕ್ಕೆ ಅವಳೇ ಹಟ ಹಿಡಿದು, ಮಕ್ಕಳು ಯಾರಿಗೂ ಎಟಕದಷ್ಟು ಎತ್ತರದಲ್ಲಿ ಹಾಕಿಸಿದಳಂತೆ. ಊರಿನ ಅರ್ಧ ಜನಕ್ಕೂ ಅದು ಗೊತ್ತು. ಮಕ್ಕಳಿಗೆ ಎಟಕದ ಚಿಲಕವನ್ನು ಮಗು ಹಾಕಲಿಲ್ಲ ಅಂತ ಐವತ್ತೆರಡು ವರ್ಷ ನಂಬಿದೆವು. ಎರಡೂ ಮಾತು ಒಂದೇ ಬಾಯಿಂದ ಬಂದಿದ್ದವು, ಒಂದೇ ಮನೆಯಲ್ಲಿ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ಒಬ್ಬರೂ ನೋಡಲಿಲ್ಲ.

ಆ ಮಧ್ಯಾಹ್ನ ಅಪ್ಪ ಸುಣ್ಣದ ಗೂಡಿನ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದವರು ಅಕ್ಕ, ನಾನು, ಅಮ್ಮ. ಇಬ್ಬರಿಗೆ ಎಟಕುವುದಿಲ್ಲ. ಇನ್ನು ಉಳಿದವರು ಯಾರು ಅಂತ ಎಣಿಸಲು ಶಾಲೆಗೆ ಹೋಗಬೇಕಾಗಿಲ್ಲ.

ದಾರ ಸುತ್ತಿ ಡಬ್ಬಿಯೊಳಗೆ ಹಾಕಿ ಮುಚ್ಚಿಬಿಟ್ಟೆ. ಏನು ಮಾಡಲಿ? ಅಕ್ಕ ಹಸಿರು ಲಂಗ ಹಾರಿಸಿಕೊಂಡು ಬಾಗಿಲು ತೆರೆದಿಟ್ಟು ಓಡಿದ್ದನ್ನು ನಾನೇ ಕಣ್ಣಾರೆ ನೋಡಿದ ನೆನಪು ನನಗಿತ್ತು. ಅದನ್ನು ನೂರು ಜನಕ್ಕೆ ಹೇಳಿದ್ದೆ. ಡಬ್ಬಿ ಮುಚ್ಚುವಾಗ ಹೊಳೆಯಿತು: ಆ ಹಸಿರು ಲಂಗ ನನ್ನದು. ನಾನು ಶಾಲೆಗೆ ಸೇರಿದಾಗ ಹೊಲಿಸಿದ್ದು. ಅಕ್ಕ ಆಗ ಮನೆಯಲ್ಲೇ ಇರಲಿಲ್ಲ. ಕೇಳಿ ಕೇಳಿ ನೋಡಿದಂತೆ ಮಾಡಿಕೊಂಡಿದ್ದೆ. ಇದಕ್ಕಿಂತ ಹೇಸಿಗೆಯ ಮಾತು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಅಕ್ಕ ಕೆಟ್ಟವಳಾಗಿದ್ದಷ್ಟು ದಿನ ನಾನು ಒಳ್ಳೆಯ ಮಗಳಾಗಿದ್ದೆ. ಊರಿನವರು "ವನಜಮ್ಮ ತಾಯಿಗೋಸ್ಕರ ಮದುವೇನೇ ಆಗ್ಲಿಲ್ಲ" ಅಂತ ಹೊಗಳುತ್ತಿದ್ದರು. ಅದೊಂದನ್ನು ಬಿಟ್ಟರೆ ನನ್ನ ಬದುಕಿನಲ್ಲಿ ತೋರಿಸಿಕೊಳ್ಳುವಂಥದ್ದು ಏನಿತ್ತು?

ಅದಕ್ಕೇ ಸುಲಭದ ದಾರಿ ಹಿಡಿದೆ. ಸಂಜೆಗೆ ಮುಂಚೆಯೇ ಅಕ್ಕನ ಮನೆಗೆ ಹೋದೆ. ಅವಳು ಇಷ್ಟೇ ಇಷ್ಟಾಗಿ ಮಲಗಿದ್ದಳು. ಕಣ್ಣು ಮಾತ್ರ ಅಪ್ಪನದು. ನಾನು ಹಣೆ ಸವರಿ, ಮೊದಲೇ ಬಾಯಿಪಾಠ ಮಾಡಿಕೊಂಡಿದ್ದಂತೆ ಕ್ಷಮಿಸಿದ್ದೀನಿ ಅಂದೆ. ಅಮ್ಮನ ಪರವಾಗಿಯೂ ಅಂತ ಸೇರಿಸಿದೆ. ಇಂದುಮತಿ ಕಣ್ಣೊರೆಸಿಕೊಂಡಳು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಬಹಳ ಮೆತ್ತಗೆ, ನನ್ನನ್ನೇ ಸಮಾಧಾನ ಮಾಡುವವಳಂತೆ ಅಂದಳು: "ನೀನು ಒಳ್ಳೇವ್ಳು ಕಣೆ. ಆದ್ರೂ ಚಿಲಕ ಹಾಕಲಿಲ್ವಲ್ಲ ನಾನು."

ದಾರಿಯುದ್ದಕ್ಕೂ ಆ ಮಾತು ಬೆನ್ನಿಗೆ ಬಿತ್ತು. ಕ್ಷಮೆ ಅಂತ ಹೋಗಿ ನಾನು ಮಾಡಿದ್ದೇನು? ಹೌದು, ನೀನೇ ಮಾಡಿದ್ದು ಅಂತ ಇನ್ನೊಂದು ಸಲ ಹೇಳಿ ಬಂದಿದ್ದೆ.

ಮೂರು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಶನಿವಾರ. ಯಾವ ಲೋಕದಲ್ಲಿದ್ದೆನೋ, ಮೆಣಸಿನಕಾಯಿ ಬೀಸಿದ ಕಲ್ಲಿಗೇ ಚೌಡಪ್ಪನವರ ಮನೆಯ ಅಕ್ಕಿ ಸುರಿದುಬಿಟ್ಟೆ. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು. ಕೆಂಪು ಕೆಂಪಾದ ಹಿಟ್ಟು ನೋಡಿ ಅವರು ಬಯ್ಯಲಿಲ್ಲ. ಮಡಿಸಿದ ಛತ್ರಿ ಗೋಡೆಗೆ ಒರಗಿಸಿ, ಚೀಲದ ಮೇಲೆ ಕೂತರು. ಮೋಟಾರು ನಿಲ್ಲಿಸಿದೆ. ಯಾರಿಗೂ ಹೇಳಬಾರದು ಅಂದುಕೊಂಡಿದ್ದನ್ನೆಲ್ಲ ಆ ಮನುಷ್ಯನ ಮುಂದೆ ಹೇಳಿಕೊಂಡೆ, ನಿಜವಲ್ಲ ಅನ್ನುವ ಮಾತೊಂದನ್ನು ಬಿಟ್ಟು. ಕೊನೆಗೆ, ನಿಮಗೆ ಯಾವತ್ತೂ ಅನುಮಾನವೇ ಬಂದಿಲ್ಲವೇ ಅಂತ ಕೇಳಿದೆ.

"ವರ್ಷಕ್ಕೆ ಎಷ್ಟು ದಿನ ಮಳೆ ಬರ್ತದೆ ಅಂತ ನನಗೆ ಗೊತ್ತಿಲ್ವೇನಮ್ಮ?" ಅಂದರು. "ಛತ್ರಿ ಏನು ಮಹಾ ಭಾರ? ಅದಕ್ಕೇ ಹೊತ್ಕೊಂಡಿದೀನಿ. ಆದ್ರೆ ಹೊರ್ತಿರೋನು ನಾನು. ನಿಮ್ಮನೇ ಮಾತಿನ ಭಾರ ನೀನು ಹೊತ್ಕೊಂಡಿಲ್ಲ ವನಜಮ್ಮ. ಬೇರೆಯೋರು ಹೊತ್ಕೊಂಡಿದಾರೆ."

ಹೇಳಿ ಎದ್ದು, ಕೆಂಪು ಹಿಟ್ಟನ್ನೇ ಚೀಲಕ್ಕೆ ತುಂಬಿಸಿಕೊಂಡು, ರೊಟ್ಟಿ ಖಾರವಾದರೆ ಆಗಲಿ ಅಂತ ಹೊರಟುಹೋದರು. ನನಗೆ ಅವರ ಮೇಲೆ ಕೋಪ ಬಂತು. ಬೇರೆ ಏನೂ ಮಾಡಲಾಗದಾಗ ನನಗೆ ಬರುವುದು ಅದೇ.

ಆವತ್ತು ಹೊಸ್ತಿಲ ಮೇಲೆ ಬೇಗನೇ ಕೂತೆ. ದೀಪ ಹಚ್ಚಿದೆ. ಕೆಮ್ಮು ಬಂತು. ಮಾತು ಬಂತು. ನಾನು ಕಣ್ಣುಮುಚ್ಚಿ ಕೇಳಿದೆ. ಹಲ್ಲಿಲ್ಲದ ಬಾಯಲ್ಲಿ 'ಚಿ' ಸ್ವಲ್ಪ ಜಾರುತ್ತಿತ್ತು, ಕೊನೆಯಲ್ಲಿ ಉಸಿರು ಕಡಿಮೆ ಬೀಳುತ್ತಿತ್ತು. ಐವತ್ತು ವರ್ಷ ಜೊತೆಗಿದ್ದರೂ ಗೊತ್ತಾಗದ ಒಂದು ವಿಷಯ ಆಗ ಗೊತ್ತಾಯಿತು. ಅದು ಬೈಗುಳದ ಧ್ವನಿಯಾಗಿರಲಿಲ್ಲ. ಹೆದರಿದ ಹೆಂಗಸಿನ ಧ್ವನಿ. ಒಮ್ಮೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ, ಅದನ್ನೇ ಮತ್ತೆ ಮತ್ತೆ ಅಂದು ನಿಜ ಮಾಡಿಕೊಳ್ಳಲು ನೋಡಿದವಳ ಧ್ವನಿ. ಆ ಮಧ್ಯಾಹ್ನ ಬಟ್ಟೆ ಒಣಹಾಕಿ, ಕೈಯಲ್ಲಿ ಬಕೆಟ್ಟು ಹಿಡಿದು ಒಳಗೆ ಬಂದಿರುತ್ತಾಳೆ. ಒಂದು ಗಳಿಗೆ ಮರೆತಿರುತ್ತಾಳೆ. ಅಷ್ಟೇ. ಯಾರಿಗಾದರೂ ಆಗುವಂಥದ್ದು. ನನಗೆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ, ಅಳು ಬಂತು. ಹೋಗಿ ಬರ್ತೀನಿ ಅಮ್ಮ ಅಂದೆ. ಮರುದಿನ ಬೆಳಿಗ್ಗೆ ಹೋಗುವುದಕ್ಕೆ ಹಿಂದಿನ ಸಂಜೆಯೇ ಹೇಳಿದೆ, ಏಕೆಂದರೆ ಬೆಳಿಗ್ಗೆ ಅವಳು ಮಾತಾಡುವುದಿಲ್ಲ.

ಬೆಳಿಗ್ಗೆ ಗಿರಣಿಗೆ ಬೀಗ ಹಾಕಿ, ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ದಾರ ಬಿಚ್ಚಿ ಅವಳ ಮಡಿಲಲ್ಲಿ ಇಟ್ಟೆ. ಇದು ಆ ವರ್ಷದ ಯುಗಾದಿಗೆ ಅಪ್ಪ ಹಾಕಿದ ನಿನ್ನ ಗೀರು, ಇದು ನಿನ್ನ ಮೇಲೆತ್ತಿದ ಕೈ, ಇದು ಚಿಲಕ ಅಂತ ಒಂದೊಂದೇ ಗಂಟು ಮುಟ್ಟಿಸಿ ಹೇಳಿದೆ. ಮಣೆ, ಕೋಲು, ಮೊಳೆತೂತು ಎಲ್ಲ ಹೇಳಿದೆ. ಪಾವನಿ ಹಾರಿದ್ದನ್ನೂ ಹೇಳಿದೆ.

ಅವಳಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ನನ್ನಷ್ಟು ದಡ್ಡಿ ಯಾರೂ ಇಲ್ಲ. ಅವಳ ಮುಖ ಗಾಬರಿಯಿಂದ ಬಿಳುಚಿತು. ದಾರವನ್ನು ದೂರ ತಳ್ಳಿ, ಇಲ್ಲ ಇಲ್ಲ ಅಂದಳು. ಚಿಲಕ ತಣ್ಣಗಿತ್ತು, ನನ್ನ ಕೈಗೆ ನೆನಪಿದೆ ಅಂದಳು. ಹಾಗಿದ್ದರೆ ಇಷ್ಟು ವರ್ಷ ನಾನು ಪಟ್ಟಿದ್ದೆಲ್ಲ ಏನು, ಅತ್ತೆಯ ಮನೆಯಲ್ಲಿ ಮೂಲೆಯಲ್ಲಿ ಕೂತು ಬೆಳೆದದ್ದು ಏತಕ್ಕೆ ಅಂತ ಕೇಳಿದಳು. ತಪ್ಪು ಮಾಡಿದ್ದಕ್ಕೆ ಶಿಕ್ಷೆ ಅಂದುಕೊಂಡರೆ ಅದನ್ನು ಹೇಗೋ ಹೊರಬಹುದು. ಏನೂ ಇಲ್ಲದ್ದಕ್ಕೆ ಅಂದರೆ ಎಲ್ಲಿ ಇಳಿಸುವುದು? ನನಗೂ ಹಸಿರು ಲಂಗ ನೆನಪಿತ್ತು ಅಕ್ಕ, ಅದು ನನ್ನದೇ ಲಂಗ ಅಂದೆ. ಅವಳು ದಾರವನ್ನು ಮತ್ತೆ ಹತ್ತಿರ ಎಳೆದುಕೊಂಡು, ಕೊನೆಯ ಎರಡು ಗಂಟಿನ ನಡುವಿನ ಜಾಗದ ಮೇಲೆ ಗೇಣು ಹರಡಿ ಇಟ್ಟಳು. ಮತ್ತೆ ತೆಗೆದಳು. ಮತ್ತೆ ಇಟ್ಟಳು.

"ಇಷ್ಟು ಚಿಕ್ಕೋಳಿದ್ನಾ ನಾನು?" ಅಂದಳು.

ಆಗ ನಾನು ಹೇಳಿದೆ. ಗಟ್ಟಿಯಾಗಿ, ಗಿರಣಿಯಲ್ಲಿ ಮಾತಾಡುವ ಹಾಗೆ. "ಅಮ್ಮ ಹೇಳಿದ್ದು ನಿಜ ಅಲ್ಲ ಅಕ್ಕ."

ಅವಳ ಕೈ ಚಟ್ಟನೆ ನನ್ನ ಬಾಯಿಗೆ ಬಂತು, ಅಷ್ಟು ಶಕ್ತಿ ಎಲ್ಲಿಂದ ಬಂತೋ. ಆದರೆ ಮಾತು ಆಡಿಯಾಗಿತ್ತು. ಬಾಯಿ ಮುಚ್ಚಿದ ಕೈಯನ್ನು ಅವಳು ನಿಧಾನವಾಗಿ ನನ್ನ ಕೆನ್ನೆಗೆ ಜಾರಿಸಿದಳು. ತನ್ನ ಐವತ್ತೆರಡು ವರ್ಷದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಅಯ್ಯೋ ಹುಚ್ಚಿ, ಇನ್ನು ದೀಪ ಹಚ್ಚೋ ಹೊತ್ತಿಗೆ ನೀನೊಬ್ಳೇ ಏನ್ಮಾಡ್ತೀಯೆ?"

ಆ ಸಂಜೆಯೂ ಹೊಸ್ತಿಲ ಮೇಲೆ ಕೂತೆ. ದೀಪ ಹಚ್ಚಿದೆ. ಒಂದು ವೇಳೆ ಅಂತ ಎಲ್ಲೋ ಆಸೆಯಿತ್ತು. ಕೆಮ್ಮು ಬರಲಿಲ್ಲ. ಎಣ್ಣೆ ತೀರುವವರೆಗೂ ಕೂತಿದ್ದೆ. ಮನೆಯೊಳಗೆ ಹಲ್ಲಿ ಲೊಚಗುಟ್ಟಿದರೂ ಎದೆ ಹಾರುತ್ತಿತ್ತು. ಅಮ್ಮ ಸತ್ತದ್ದು ನಿಜವಾಗಿ ಆವತ್ತು.

ಮೂಕಮನೆಯ ಸುದ್ದಿ ಮುಚ್ಚಿಡಲಾಗುತ್ತದೆಯೇ? ವಾರದಲ್ಲಿ ಗಿರಣಿಗೆ ಬರುವವರು ಅರ್ಧವಾದರು. ಬಂದವರೂ ಚೀಲ ಹೊರಗೇ ಇಟ್ಟು, ಆಮೇಲೆ ಬರ್ತೀವಿ ಅನ್ನುತ್ತಿದ್ದರು. ಸಂಜೆ ಮನೆಯಲ್ಲಿ ಇರಲಾಗದೆ ನಾನು ಅಕ್ಕನ ಹತ್ತಿರ ಹೋಗತೊಡಗಿದೆ. ಅವಳ ಬಾಯಲ್ಲಿ ಚಿಲಕದ ಮಾತು ಮೊದಲು ದಿನಕ್ಕೆ ಹತ್ತಾಯಿತು, ಆಮೇಲೆ ಒಂದೆರಡು, ಆಮೇಲೆ ನಿಂತಿತು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಲು ಇದ್ದದ್ದೆಲ್ಲ ತುಂಬ ಹಳೆಯದಾಗಿಬಿಟ್ಟಿತ್ತು. ನಾನು ಅವಳ ಕಾಲು ಒತ್ತುತ್ತಿದ್ದೆ, ಅವಳು ನನ್ನ ಬೆರಳ ಸಂದಿಯ ಹಿಟ್ಟು ಉಜ್ಜಿ ತೆಗೆಯುತ್ತಿದ್ದಳು. ನಿನ್ನ ರಾಗಿ ನನಗೆ ಗೊತ್ತಾಗುತ್ತಿತ್ತು ಅಂದರೆ, ಗೊತ್ತಾಗಲಿ ಅಂತಲೇ ನೀಲಿ ದಾರ ಹಾಕುತ್ತಿದ್ದೆ ಅಂದಳು. ನಲವತ್ತೊಂದು ದಿನ ಹಾಗೆ ಸಿಕ್ಕಿತು. ಒಂದು ಬೆಳಿಗ್ಗೆ, ನಾನಿಲ್ಲದ ಹೊತ್ತಿನಲ್ಲಿ ಹೋದಳು.

ಹನ್ನೊಂದನೆಯ ದಿನ ಎಲ್ಲರೂ ಬೆಳಿಗ್ಗೆಯಿಂದ ಬಾಯಿ ಬಿಗಿಹಿಡಿದು ಕಾದರು. ಯಾವ ಹೊತ್ತಿಗೆ ಬರುತ್ತದೋ, ಏನು ಬರುತ್ತದೋ. ಇಂದುಮತಿಯ ಮುಖ ನೋಡಲಾಗುತ್ತಿರಲಿಲ್ಲ. ಹಳೆಯ ಮಾತೇ ಬಂದರೆ ನಾನು ಅಮ್ಮನನ್ನು ಕಳೆದುಕೊಂಡದ್ದೂ ವ್ಯರ್ಥ. ಮಧ್ಯಾಹ್ನ ಕಳೆಯಿತು. ದೀಪ ಹಚ್ಚುವ ಹೊತ್ತಾಯಿತು. ಅಕ್ಕನ ಹಾಸಿಗೆಯಿದ್ದ ಮೂಲೆಯಿಂದ ಧ್ವನಿ ಬಂತು, ದಾಹವಾದವರು ನೀರು ಕೇಳುವ ಹಾಗೆ:

"ವನಜ ಬಂದ್ಲಾ?"

ನನಗೆ ಗೊತ್ತೇ ಇರಲಿಲ್ಲ. ದಿನಾ ಸಂಜೆ ನಾನು ಬರುವ ಮುಂಚೆ ಅವಳು ಇಂದುಮತಿಯನ್ನು ಮತ್ತೆ ಮತ್ತೆ ಹೀಗೇ ಕೇಳುತ್ತಿದ್ದಳಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಪಾವನಿಯೇ ಹೇಳಿದಳು: "ಬಂದಿದಾರೆ ಅಜ್ಜಿ."

ನಮ್ಮೂರಲ್ಲಿ ಯಾರೂ ಇದುವರೆಗೆ ಪ್ರಶ್ನೆ ಬಿಟ್ಟುಹೋಗಿರಲಿಲ್ಲ. ಚೌಡಪ್ಪನವರಿಗೆ ಇದು ಎಷ್ಟು ಹಿಡಿಸಿತೆಂದರೆ, ಇದನ್ನು ಯಾರ ಕೈಯಲ್ಲೂ ಸುಳ್ಳು ಮಾಡಲಾಗದು ಅಂತ ಒಂದು ವಾರ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಛತ್ರಿ ಮಾತ್ರ ಬಿಟ್ಟಿಲ್ಲ.

ಈಗ ದಿನಾ ಮೋಟಾರು ಬೇಗ ನಿಲ್ಲಿಸಿ, ಸಂತೆಮಾಳ ದಾಟಿ ಹೋಗುತ್ತೇನೆ. ಧ್ವನಿ ಕೇಳುತ್ತದೆ, ಬಂದೆ ಅಕ್ಕ ಅನ್ನುತ್ತೇನೆ. ಅವಳಿಗೆ ಕೇಳಿಸುವುದಿಲ್ಲ, ಗೊತ್ತು. ನಾಳೆ ಮತ್ತೆ ಮೊದಲಿಂದ ಕೇಳುತ್ತಾಳೆ. ಮೊನ್ನೆ ಪಾವನಿ, ನೀವು ಬರದ ದಿನ ನಾನು ಏನು ಹೇಳಲಿ ಚಿಕ್ಕಜ್ಜಿ ಅಂತ ಕೇಳಿದಳು. ಜ್ವರದ ದಿನವನ್ನು ಅಂದುಕೊಂಡಿದ್ದಳೋ, ಅದಕ್ಕಿಂತ ಆಚೆಯದನ್ನೋ. ಬರದಿದ್ದರೆ ಬರಲಿಲ್ಲ ಅನ್ನು, ಅಜ್ಜಿಗೆ ಬೇಜಾರಾಗುತ್ತದೆ ಅಂತ ಬಂದಿದ್ದಾರೆ ಅನ್ನಬೇಡ ಅಂದೆ. ಅವಳು ತಲೆಯಾಡಿಸಿದಳು.

ಅಲ್ಲಿಂದ ವಾಪಸು ಬಂದು, ಸದ್ದಿಲ್ಲದ ಮನೆಯಲ್ಲಿ ದೀಪ ಹಚ್ಚಿ, ಹಿತ್ತಲ ಬಾಗಿಲಿಗೆ ಹೋಗಿ ಚಿಲಕ ಹಾಕುತ್ತೇನೆ. ಈಚೆಗೆ ನನ್ನ ಬೆನ್ನೂ ಬಾಗಿದೆ. ಕಾಲ್ಬೆರಳ ಮೇಲೆ ನಿಂತರೆ ಮಾತ್ರ ಎಟಕುತ್ತದೆ.